ಆಯ್ದಕ್ಕಿ ಲಕ್ಕಮ್ಮನವರ ಅಳತೆ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕೀರ್ತಿಯನ್ನು ಕೇಳಿ ನಾಡಿನ ನಾನಾ ಕಡೆಗಳಿಂದ ಬಂದು ನೆಲಸಿದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಪ್ರಾತಃಸ್ಮರಣೀಯರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರ ಗ್ರಾಮವು ಇವರ ಊರು. ಆ ಕ್ಷೇತ್ರದ ಅಮರೇಶ್ವರಲಿಂಗದ ಹೆಸರೇ ಇಬ್ಬರ ವಚನಗಳಲ್ಲಿಯೂ ಅಂಕಿತವಾಗಿ ನಿಂತಿದೆ. ಲಕ್ಕಮ್ಮನವರು ಅದರ ಮುಂದೆ ಪತಿಯ ಹೆಸರನ್ನೂ ಸೇರಿಸಿಕೊಂಡಿದ್ದಾರೆ.

ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ದಾಸೋಹ ನಡೆಯುತ್ತಿದ್ದಿತು. ಅಳೆಯುವಾಗ, ಕೇರುವಾಗ, ಹೊತ್ತು ಸಾಗಿಸುವಾಗ ಅಂಗಳದಲ್ಲಿ ಅಕ್ಕಿ ಚೆಲ್ಲುವುದು ಸಹಜ. ತುಳಿತಕ್ಕೆ ಸಿಕ್ಕಿ ಮಣ್ಣುಪಾಲಾಗುವ ಆ ಕಾಳುಗಳನ್ನು ಒಂದೊಂದಾಗಿ ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಹಸನುಮಾಡಿ, ಅಟ್ಟು, ಲಿಂಗಕ್ಕರ್ಪಿಸಿ, ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಲಕ್ಕಮ್ಮನವರ ನೇಮ. ಲೋಕವು ಕಸವೆಂದು ಗುಡಿಸುವುದನ್ನು ಈ ದಂಪತಿಗಳು ದಾಸೋಹದ ದ್ರವ್ಯವನ್ನಾಗಿ ಮಾಡಿದರು.

ಒಮ್ಮೆ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತರು. ಹೊತ್ತು ಮೀರಿತು. ಲಕ್ಕಮ್ಮನವರು ಕಾಯಕವು ನಿಂತಿತೆಂದು ಪತಿಯನ್ನು ಎಚ್ಚರಿಸಿದರು. ಮಾರಯ್ಯನವರು ಲಗುಬಗೆಯಿಂದ ಹೋಗಿ ಅಂದು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಇವರ ನಿಷ್ಠೆಯನ್ನು ಲೋಕಕ್ಕೆ ತೋರಿಸಲೆಂದು ಬಸವಣ್ಣನವರೇ ಅಂಗಳದಲ್ಲಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಪರಂಪರೆಯು ಹೇಳುತ್ತದೆ. ಬಡವರ ಮನೆಗೆ ನಾಳೆಯ ಗ್ರಾಸವೂ ಇಂದೇ ಬಂದರೆ ಯಾವ ಗೃಹಿಣಿ ಹಿಗ್ಗುವುದಿಲ್ಲ? ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ನಮ್ಮ ಎಂದಿನ ಅಳತೆಯಲ್ಲ; ಕೂಡಿಡುವ ಹಂಬಲ ಭಕ್ತರಿಗೆ ಸಲ್ಲದು; ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕು ಎಂದು ಪತಿಯನ್ನು ಹಿಂದಕ್ಕೆ ಕಳುಹಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಹೀಗೆಂದು ಲಕ್ಕಮ್ಮನವರದು ಜಿಪುಣತನದ ಮನೆಯಾಗಿರಲಿಲ್ಲ. ಮಹಾಮನೆಯ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರನ್ನು ತಮ್ಮ ಗುಡಿಸಲಿಗೆ ಕರೆಯಿಸಿ, ಆಯ್ದ ಅಕ್ಕಿಯಿಂದಲೇ ಎಲ್ಲರನ್ನೂ ತೃಪ್ತಿಪಡಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಪತಿಗೆ ಅವರು ಮಾಡಿದ ಬೋಧೆಯು ಶೂನ್ಯಸಂಪಾದನೆಯಲ್ಲಿ ಒಂದು ಹಿರಿಯ ಪ್ರಸಂಗವಾಗಿ ಉಳಿದಿದೆ. ಮನಸ್ಸು ಶುದ್ಧವಾಗಿದ್ದವನಿಗೆ ಬಡತನವೆಂಬುದೇ ಇಲ್ಲವೆಂಬುದು ಅವರ ನಿಲುವು.

ಬಿದ್ದುದನ್ನು ಆಯುವ ಮಾರಯ್ಯನವರನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಹೆಚ್ಚಾದುದನ್ನು ಒಲ್ಲೆನೆಂದ ಲಕ್ಕಮ್ಮನವರನ್ನು ಮರೆಯುತ್ತೇವೆ. ಆದರೆ ಅನ್ನವು ಕೆಡುವುದು ಎಲೆಯ ಮೇಲಲ್ಲ, ಅದಕ್ಕೂ ಮೊದಲು ಅಳತೆಯಲ್ಲಿ. ಉಣ್ಣುವವರು ನಾಲ್ವರಿರುವಾಗ ಆರು ಮಂದಿಗೆ ಅಕ್ಕಿ ಹಾಕಿದಾಗಲೇ ಇಬ್ಬರ ಊಟ ತಿಪ್ಪೆಯ ದಾರಿ ಹಿಡಿದಿರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೨ರಲ್ಲಿ ಜಗತ್ತಿನಲ್ಲಿ ತಿನ್ನಲಾಗದ ಸಿಪ್ಪೆ ಮೊದಲಾದುವೂ ಸೇರಿ ಸುಮಾರು ೧೦೫ ಕೋಟಿ ಟನ್ನು ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಹಾಳಾದುದು ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ಅಲ್ಲ, ಮನೆಗಳಲ್ಲಿ.

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ಕಡೆಯ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಮಳೆಯನ್ನೂ ಆಳವಾದ ಕೊಳವೆಬಾವಿಯನ್ನೂ ನಂಬಿ ಬೆಳೆದ ರಾಗಿಯ ಒಂದೊಂದು ಕಾಳಿನಲ್ಲಿಯೂ ನೀರಿನ ಋಣವಿದೆ. ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕದಡಿ ಬೆಳಗಿಗೆ ಅಂಬಲಿ ಮಾಡಿದ, ಅಕ್ಕಿ ತೊಳೆದ ನೀರನ್ನೂ ತರಕಾರಿಯ ಸಿಪ್ಪೆಯನ್ನೂ ದನಗಳ ಕಲಗಚ್ಚಿಗೆ ಹಾಕಿದ ನಮ್ಮ ತಾಯಂದಿರು ಲಕ್ಕಮ್ಮನವರ ಮನೆತನದವರೇ. ಹಳಸಿದುದನ್ನು ಉಣ್ಣಬೇಕೆಂದು ಇದರ ಅರ್ಥವಲ್ಲ. ಹಳಸುವಷ್ಟು ಉಳಿಸದಿರುವುದೇ ಧರ್ಮ.

ಇಂದು ಮದುವೆ, ಗೃಹಪ್ರವೇಶಗಳಲ್ಲಿ ಎಲೆಯ ತುಂಬ ಬಡಿಸುವುದು, ಬೇಡವೆಂದರೂ ಸುರಿಯುವುದು ಗೌರವವೆನಿಸಿಕೊಂಡಿದೆ. ಸಾಲದೆ ಹೋದರೆ ಮಾನ ಹೋಗುವುದೆಂಬ ಭಯವು ಮನೆಯ ಯಜಮಾನನನ್ನು ಕಾಡುತ್ತದೆ. ಆ ಭಯಕ್ಕಾಗಿ ಸಾಲ ಮಾಡಿದವರೂ ಉಂಟು. ಲಿಂಗಕ್ಕರ್ಪಿತವಾದ ಅನ್ನವು ಪ್ರಸಾದ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಪ್ರಸಾದಿಗಳ ಪದ್ಧತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಹಾಗಿರುವಲ್ಲಿ ಎಂಜಲೆಲೆಯಲ್ಲಿ ಹೋಳಿಗೆಯನ್ನು ಬಿಟ್ಟೇಳುವುದು ಯಾವ ಆಚಾರ? ಮೊದಲು ಸ್ವಲ್ಪ ಬಡಿಸಿ, ಕೇಳಿದವರಿಗೆ ಮತ್ತೆ ಮತ್ತೆ ಬಡಿಸಿದರೆ ಅತಿಥಿಗೂ ಅನ್ನಕ್ಕೂ ಗೌರವ ಸಲ್ಲುತ್ತದೆ. ಮಿಕ್ಕುದನ್ನು ಬಿಸಿಯಿರುವಾಗಲೇ ಹಸಿದವರಿಗೆ ತಲುಪಿಸಿದರೆ ಅದು ದಾಸೋಹ; ಮರುದಿನ ಕೆಟ್ಟ ಮೇಲೆ ಕೊಟ್ಟರೆ ಅದು ಪಾಪ.

ಶರಣಬಂಧುಗಳೇ, ಲಕ್ಕಮ್ಮನವರು ನಮಗೆ ಬಿಟ್ಟುಹೋದ ವ್ರತಕ್ಕೆ ಹಣ ಬೇಕಾಗಿಲ್ಲ, ಮುಹೂರ್ತವೂ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ಡಬ್ಬಕ್ಕೆ ಪಾವನ್ನು ಇಳಿಸುವ ಮುನ್ನ ಇಂದು ಉಣ್ಣುವವರೆಷ್ಟು ಮಂದಿಯೆಂದು ಒಮ್ಮೆ ಎಣಿಸಬೇಕು. ಕೈಯಲ್ಲಿ ಒಂದು ಹಿಡಿ ಹೆಚ್ಚಾಗಿ ಬಂದಿದ್ದರೆ ಅದನ್ನು ಮರಳಿ ಡಬ್ಬಕ್ಕೆ ಸುರಿಯಬೇಕು. ಎಂಟು ನೂರು ವರ್ಷಗಳ ಹಿಂದೆ ಕಲ್ಯಾಣದ ಅಂಗಳಕ್ಕೆ ಮರಳಿದ ಅಕ್ಕಿಯ ಪುಣ್ಯ ಆ ಹಿಡಿಯಲ್ಲಿಯೂ ಇದೆ.