ವಿ. ಕೆ. ಮೂರ್ತಿ

ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ (26 ನವೆಂಬರ್ 1923 – 7 ಏಪ್ರಿಲ್ 2014) ಭಾರತೀಯ ಚಲನಚಿತ್ರ ಛಾಯಾಗ್ರಾಹಕರು. ವಿ. ಕೆ. ಮೂರ್ತಿ ಎಂಬ ಹೆಸರಿನಿಂದಲೇ ಪರಿಚಿತರು. ಮೈಸೂರಿನಲ್ಲಿ ಜನಿಸಿದ ಇವರು ನಿರ್ದೇಶಕ ಗುರುದತ್ ಅವರ ಚಿತ್ರಗಳ ಕಪ್ಪು-ಬಿಳುಪು ಛಾಯಾಗ್ರಹಣಕ್ಕಾಗಿ ಪ್ರಸಿದ್ಧರಾದರು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್' (1959) ಇವರ ಛಾಯಾಗ್ರಹಣದಲ್ಲಿ ಮೂಡಿಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಸಂದಿತು. ವೃತ್ತಿಜೀವನದುದ್ದಕ್ಕೂ ಛಾಯಾಗ್ರಾಹಕರಾಗಿಯೇ ದುಡಿದವರೊಬ್ಬರಿಗೆ ಈ ಗೌರವ ದೊರೆತದ್ದು ಅದೇ ಮೊದಲು.

ಆರಂಭಿಕ ಜೀವನ ಮತ್ತು ಶಿಕ್ಷಣ

ಮೂರ್ತಿಯವರಿಗೆ ಬಾಲ್ಯದಿಂದಲೂ ಸಿನಿಮಾದ ಗೀಳಿತ್ತು. ಹದಿಹರೆಯದಲ್ಲೇ ಮನೆ ಬಿಟ್ಟು ಮುಂಬಯಿಗೆ ಹೋದರಾದರೂ ಅಲ್ಲಿ ನೆಲೆ ಸಿಗದೆ ಊರಿಗೆ ಮರಳಿದರು. ಪಿಟೀಲು ವಾದನವನ್ನೂ ಕಲಿತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು 1943ರಲ್ಲಿ ಸೆರೆವಾಸ ಅನುಭವಿಸಿದರು.

ಅದೇ ವರ್ಷ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆರಂಭವಾಗಿತ್ತು. ಸಿನಿಮಾ ಕೆಲಸವನ್ನು ಸ್ಟುಡಿಯೋಗಳಲ್ಲಿ ಹಿರಿಯರ ಕೈಕೆಳಗೆ ನೋಡಿ ಕಲಿಯುವುದೇ ರೂಢಿಯಾಗಿದ್ದ ಆ ಕಾಲದಲ್ಲಿ ಚಲನಚಿತ್ರ ಛಾಯಾಗ್ರಹಣವನ್ನು ಒಂದು ಪಠ್ಯವಿಷಯವಾಗಿ ಬೋಧಿಸಿದ ಸಂಸ್ಥೆ ಇದು. ಮೂರ್ತಿಯವರು ಇಲ್ಲಿಂದ 1946ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಹಿಂದಿ ಚಿತ್ರರಂಗದಲ್ಲಿ ಹೆಸರು ಮಾಡಿದ ಗೋವಿಂದ ನಿಹಲಾನಿ ಕೂಡ ಇದೇ ಸಂಸ್ಥೆಯಲ್ಲಿ ಓದಿ, ಮೂರ್ತಿಯವರ ಬಳಿ ಸಹಾಯಕರಾಗಿ ದುಡಿದವರು.

ಗುರುದತ್ ಅವರೊಂದಿಗೆ

ಮತ್ತೆ ಮುಂಬಯಿ ಸೇರಿದ ಮೂರ್ತಿಯವರು ಛಾಯಾಗ್ರಾಹಕ ಫಲಿ ಮಿಸ್ತ್ರಿಯವರ ಸಹಾಯಕರಾಗಿದ್ದರು. ಗುರುದತ್ ನಿರ್ದೇಶಿಸಿದ ಮೊದಲ ಚಿತ್ರ 'ಬಾಜಿ' (1951)ಯ ಛಾಯಾಗ್ರಾಹಕರು ವಿ. ರಾತ್ರಾ, ಮೂರ್ತಿಯವರು ಅಲ್ಲಿಯೂ ಸಹಾಯಕರೇ. ಹಾಡೊಂದರ ಚಿತ್ರೀಕರಣದ ವೇಳೆ, ಕನ್ನಡಿಯಲ್ಲಿನ ಪ್ರತಿಬಿಂಬದಿಂದ ಆರಂಭವಾಗುವ ಒಂದು ಕಷ್ಟದ ಚಲನೆಯ ದೃಶ್ಯವನ್ನು ಅವರು ಸೂಚಿಸಿದರು. ರಾತ್ರಾ ಒಪ್ಪಿದ್ದರಿಂದ ಕ್ಯಾಮೆರಾ ಅವರ ಕೈಗೇ ಬಂತು. ಆ ದೃಶ್ಯ ಮೆಚ್ಚಿಕೊಂಡ ಗುರುದತ್ ತಮ್ಮ ಮುಂದಿನ ಚಿತ್ರ 'ಜಾಲ್' (1952)ಗೆ ಮೂರ್ತಿಯವರನ್ನೇ ಛಾಯಾಗ್ರಾಹಕರನ್ನಾಗಿ ನೇಮಿಸಿದರು. ಬೆಂಗಳೂರಿನಲ್ಲಿ ಜನಿಸಿದ ನಿರ್ದೇಶಕ ಮತ್ತು ಮೈಸೂರಿನ ಛಾಯಾಗ್ರಾಹಕರ ಈ ಜೋಡಿ 'ಆರ್ ಪಾರ್' (1954), 'ಮಿಸ್ಟರ್ ಅಂಡ್ ಮಿಸೆಸ್ 55' (1955), 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' ಮತ್ತು 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರಗಳಲ್ಲಿ ಮುಂದುವರಿಯಿತು. ಕೊನೆಯ ಚಿತ್ರದಲ್ಲಿ ಗುರುದತ್ ನಿರ್ಮಾಪಕರು ಮತ್ತು ನಟರು. ನಿರ್ದೇಶನ ಅಬ್ರಾರ್ ಅಲ್ವಿಯವರದು.

ಬೆಳಕಿನ ವಿನ್ಯಾಸ

ಸ್ಟುಡಿಯೋದಲ್ಲಿ ಒಂದು ಮುಖವನ್ನು ಚಿತ್ರಿಸುವಾಗ ಎಷ್ಟು ದೀಪಗಳನ್ನು ಬಳಸಬೇಕು ಎಂಬುದು ಛಾಯಾಚಿತ್ರಕಾರರಿಗೂ ಚಲನಚಿತ್ರ ಛಾಯಾಗ್ರಾಹಕರಿಗೂ ಸಮಾನವಾದ ಪ್ರಶ್ನೆ. ರೂಢಿಯ ಕ್ರಮದಲ್ಲಿ ಮೂರು ದೀಪಗಳಿರುತ್ತವೆ. ಮುಖ್ಯ ದೀಪವು ಮುಖಕ್ಕೆ ಆಕಾರ ಕೊಡುತ್ತದೆ. ಎರಡನೆಯದು ಮುಖ್ಯ ದೀಪ ಉಂಟುಮಾಡಿದ ನೆರಳನ್ನು ತಿಳಿಗೊಳಿಸುತ್ತದೆ. ಹಿಂದಿನಿಂದ ಬೀಳುವ ಮೂರನೆಯದು ಕೂದಲು ಮತ್ತು ಹೆಗಲಿನ ಅಂಚನ್ನು ಹಿನ್ನೆಲೆಯಿಂದ ಬೇರ್ಪಡಿಸುತ್ತದೆ. ದೀಪಗಳು ಹೆಚ್ಚಿದಂತೆಲ್ಲ ನೆರಳುಗಳೂ ಹೆಚ್ಚುತ್ತವೆ. ಮೂಗಿಗೆ ಎರಡು ನೆರಳು ಬಿದ್ದರೆ ಮುಖ ಕೆಡುತ್ತದೆ. ಅದನ್ನು ಅಳಿಸಲು ಇನ್ನೊಂದು ದೀಪವಿಟ್ಟರೆ ಮುಖ ಚಪ್ಪಟೆಯಾಗುತ್ತದೆ. ತಾರೆಯರ ಮುಖ ಸದಾ ಹೊಳೆಯಬೇಕೆಂಬ ಅಂದಿನ ಪದ್ಧತಿಯಲ್ಲಿ ಈ ಚಪ್ಪಟೆತನವನ್ನು ದೋಷವೆಂದು ಯಾರೂ ಎಣಿಸುತ್ತಿರಲಿಲ್ಲ.

ಮೂರ್ತಿಯವರ ಹೆಗ್ಗಳಿಕೆ ಇರುವುದು ನೆರಳನ್ನು ಉಳಿಸಿಕೊಂಡದ್ದರಲ್ಲಿ. ಎರಡನೆಯ ದೀಪವನ್ನು ಮಂದಗೊಳಿಸಿದಷ್ಟೂ ಮುಖದ ಒಂದು ಪಾರ್ಶ್ವ ಕತ್ತಲೆಗೆ ಸರಿಯುತ್ತದೆ, ಭಾವ ಗಾಢವಾಗುತ್ತದೆ. ಆದರೆ ಬೆಳಕಿನ ಅಳತೆ ಸ್ವಲ್ಪ ತಪ್ಪಿದರೂ ಕಪ್ಪು-ಬಿಳುಪು ಫಿಲ್ಮಿನಲ್ಲಿ ಆ ಭಾಗದ ವಿವರಗಳು ಪೂರ್ತಿ ಅಳಿಸಿಹೋಗುತ್ತವೆ. ಫಿಲ್ಮ್ ಸಂಸ್ಕರಣೆಯಾಗಿ ಬರುವವರೆಗೆ ಅದು ಗೊತ್ತಾಗುವಂತೆಯೂ ಇರಲಿಲ್ಲ. ಗುರುದತ್ ಸಮೀಪ ದೃಶ್ಯಗಳಿಗೆ 75 ಮತ್ತು 100 ಮಿ.ಮೀ. ಮಸೂರಗಳನ್ನು ಇಷ್ಟಪಡುತ್ತಿದ್ದುದರಿಂದ ಈ ಕೆಲಸ ಇನ್ನಷ್ಟು ಸೂಕ್ಷ್ಮವಾಗಿತ್ತು. ಅಂತಹ ಮಸೂರದಲ್ಲಿ ಮುಖ ತೆರೆಯನ್ನು ತುಂಬುತ್ತದೆ, ಹಿನ್ನೆಲೆ ಮಸುಕಾಗುತ್ತದೆ. ಪ್ರೇಕ್ಷಕನಿಗೆ ನೋಡಲು ಉಳಿಯುವುದು ಮುಖದ ಮೇಲಿನ ಬೆಳಕು ಮಾತ್ರ.

'ಪ್ಯಾಸಾ' ಚಿತ್ರದ ಸಭಾಂಗಣದ ದೃಶ್ಯದಲ್ಲಿ, ಸತ್ತನೆಂದು ಭಾವಿಸಲಾದ ಕವಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬೆಳಕು ಅವನ ಹಿಂದಿನಿಂದ ಬರುತ್ತದೆ, ಮುಖ ಕತ್ತಲಲ್ಲೇ ಉಳಿಯುತ್ತದೆ. ಚಿತ್ರದ ನಾಯಕನನ್ನು, ಅದೂ ಕಥೆಯ ಅತಿಮುಖ್ಯ ಕ್ಷಣದಲ್ಲಿ, ಮುಖ ಕಾಣದಂತೆ ತೋರಿಸುವುದು ಅಂದಿನ ವ್ಯಾಪಾರಿ ಚಿತ್ರಕ್ಕೆ ಸಣ್ಣ ಧೈರ್ಯವಲ್ಲ. 'ಸಾಹಿಬ್ ಬೀಬಿ ಔರ್ ಗುಲಾಮ್'ನ ಮುಜ್ರಾ ಹಾಡೊಂದರಲ್ಲಿ ಮುಖ್ಯ ನರ್ತಕಿ ಮಾತ್ರ ಬೆಳಕಿನಲ್ಲಿದ್ದು, ಸಹನರ್ತಕಿಯರು ಹಾಡಿನುದ್ದಕ್ಕೂ ನೆರಳಿನಲ್ಲೇ ಕುಣಿಯುತ್ತಾರೆ.

'ಕಾಗಜ್ ಕೆ ಫೂಲ್'ನ ಬೆಳಕಿನ ಕೋಲು

ಮೂರ್ತಿಯವರ ಹೆಸರು ಹೆಚ್ಚಾಗಿ ನೆನಪಾಗುವುದು ಈ ಚಿತ್ರದ 'ವಕ್ತ್ ನೆ ಕಿಯಾ' ಹಾಡಿನಿಂದ. ಬರಿದಾದ ಸ್ಟುಡಿಯೋದಲ್ಲಿ ನಿರ್ದೇಶಕ ಮತ್ತು ನಟಿ ದೂರ ದೂರ ನಿಂತಿರುತ್ತಾರೆ. ಇಬ್ಬರ ನಡುವೆ ಮೇಲಿನಿಂದ ದಪ್ಪನಾದ ಬೆಳಕಿನ ಕೋಲೊಂದು ಇಳಿಯುತ್ತದೆ. ಗುರುದತ್ ಅವರಿಗೆ ಬೇಕಾಗಿದ್ದುದು ಸೂರ್ಯಕಿರಣದಂತಹ ಬೆಳಕು. ಸ್ಟುಡಿಯೋ ದೀಪ ಎಷ್ಟೇ ದೊಡ್ಡದಾದರೂ ಅದರ ಕಿರಣಗಳು ದೂರ ಹೋದಂತೆ ಹರಡಿಕೊಳ್ಳುತ್ತವೆ, ಆದ್ದರಿಂದ ನೇರ ಅಂಚಿನ ಕೋಲು ಮೂಡುವುದಿಲ್ಲ. ಬಹುದೂರದಿಂದ ಬರುವ ಸೂರ್ಯನ ಕಿರಣಗಳಾದರೋ ಬಹುಮಟ್ಟಿಗೆ ಸಮಾನಾಂತರವಾಗಿರುತ್ತವೆ.

ಕನ್ನಡಿಯೊಂದರಿಂದ ಬಿಸಿಲು ಒಳಗೆ ಪ್ರತಿಫಲಿಸಿದ್ದನ್ನು ಗಮನಿಸಿದ ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಹೊರಗೆ ಬಿಸಿಲಿನಲ್ಲಿಟ್ಟು, ಅದು ಹಾಯಿಸಿದ ಬೆಳಕನ್ನು ಸ್ಟುಡಿಯೋದೊಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಯ ಮೂಲಕ ನೆಲದತ್ತ ತಿರುಗಿಸಲಾಯಿತು. ಹಬ್ಬಿಸಿದ ಹೊಗೆಯಲ್ಲಿ ಆ ಕೋಲು ಕಣ್ಣಿಗೆ ಕಾಣುವಂತಾಯಿತು. ಹತ್ತಾರು ದೀಪಗಳಿಂದ ಆಗದ ಕೆಲಸ ಹೀಗೆ ಒಂದೇ ಬೆಳಕಿನಿಂದ ನೆರವೇರಿತು.

ಅಗಲ ತೆರೆಯ ಸಿನೆಮಾಸ್ಕೋಪ್ ಆಗ ಭಾರತಕ್ಕೆ ಹೊಸತು. ಚಿತ್ರ ಗಳಿಕೆಯಲ್ಲಿ ಸೋತಿತು. ಬಳಿಕ ಗುರುದತ್ ನಿರ್ದೇಶಕರಾಗಿ ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಮಾತ್ರ ಅದೇ ಚಿತ್ರ ಫಿಲ್ಮ್‌ಫೇರ್ ಪ್ರಶಸ್ತಿ ತಂದುಕೊಟ್ಟಿತು.

ವರ್ಣಚಿತ್ರಗಳು

ವರ್ಣ ಫಿಲ್ಮು ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. ಅಂದಿನ ವರ್ಣ ಫಿಲ್ಮಿಗೆ ಬೆಳಕಿನ ಸಂವೇದನೆ ಕಡಿಮೆಯಿದ್ದುದರಿಂದ ಪ್ರಖರವಾದ ಅನೇಕ ದೀಪಗಳು ಅನಿವಾರ್ಯವಾದವು. 'ಚೌದವೀ ಕಾ ಚಾಂದ್' (1960) ಕಪ್ಪು-ಬಿಳುಪು ಚಿತ್ರವಾಗಿದ್ದು, ಅದರ ಶೀರ್ಷಿಕೆ ಗೀತೆಯನ್ನು ಮೂರ್ತಿಯವರ ಛಾಯಾಗ್ರಹಣದಲ್ಲಿ ವರ್ಣದಲ್ಲಿ ಮತ್ತೆ ಚಿತ್ರೀಕರಿಸಲಾಯಿತು. ದೀಪಗಳ ಝಳಕ್ಕೆ ತಮ್ಮ ಕಣ್ಣುಗಳು ಕೆಂಪಾದುದನ್ನು, ಸೆನ್ಸಾರ್ ಮಂಡಳಿ ಆ ಕೆಂಪನ್ನೇ ಆಕ್ಷೇಪಿಸಿದ್ದನ್ನು ನಟಿ ವಹೀದಾ ರೆಹಮಾನ್ ನೆನಪಿಸಿಕೊಂಡಿದ್ದಾರೆ. ಗುರುದತ್ ಮೂರ್ತಿಯವರನ್ನು ವಿದೇಶಕ್ಕೂ ಕಳುಹಿಸಿದ್ದರು. ಅಲ್ಲಿ ಅವರು 'ದಿ ಗನ್ಸ್ ಆಫ್ ನವರೋನ್' ಚಿತ್ರತಂಡದ ಕೆಲಸವನ್ನು ಹತ್ತಿರದಿಂದ ಕಂಡರು.

ಗುರುದತ್ 1964ರಲ್ಲಿ ನಿಧನರಾದ ಬಳಿಕ ಮೂರ್ತಿಯವರು ಪ್ರಮೋದ್ ಚಕ್ರವರ್ತಿಯವರ 'ಲವ್ ಇನ್ ಟೋಕಿಯೋ', 'ನಯಾ ಜಮಾನಾ', 'ಜುಗ್ನು' ಮುಂತಾದ ಚಿತ್ರಗಳಿಗೆ ದುಡಿದರು. ಇವು ಜನಪ್ರಿಯವಾದರೂ ಅವರ ಕಪ್ಪು-ಬಿಳುಪು ಕೆಲಸದ ಎತ್ತರಕ್ಕೆ ಏರಿದವೆನ್ನಲಾಗದು. ಜೋಸೆಫ್ ವಿರ್ಷಿಂಗ್ ಅವರ ಮರಣಾನಂತರ 'ಪಾಕೀಜಾ' (1972) ಚಿತ್ರದ ಉಳಿದ ಭಾಗಗಳನ್ನು ಪೂರ್ಣಗೊಳಿಸಿದ ಛಾಯಾಗ್ರಾಹಕರಲ್ಲಿ ಇವರೂ ಒಬ್ಬರು. ದೂರದರ್ಶನಕ್ಕಾಗಿ ನಿಹಲಾನಿಯವರ 'ತಮಸ್' ಮತ್ತು ಶ್ಯಾಮ್ ಬೆನಗಲ್ ಅವರ 53 ಕಂತುಗಳ 'ಭಾರತ್ ಏಕ್ ಖೋಜ್' ಸರಣಿಗಳಲ್ಲಿ ಕೆಲಸ ಮಾಡಿದರು. ಕನ್ನಡದಲ್ಲಿ ತ್ರಿವೇಣಿಯವರ ಕಾದಂಬರಿ ಆಧರಿಸಿದ, ಎಸ್. ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ 'ಹೂವು ಹಣ್ಣು' (1993) ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು.

ಪ್ರಶಸ್ತಿಗಳು ಮತ್ತು ಕೊನೆಯ ದಿನಗಳು

'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರಕ್ಕೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಲಭಿಸಿತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪ್ರಕಟವಾದದ್ದು 2010ರಲ್ಲಿ. ಆ ವೇಳೆಗೆ ಅವರು ಬೆಂಗಳೂರಿಗೆ ಮರಳಿ ನೆಲೆಸಿದ್ದರು. 2014ರ ಏಪ್ರಿಲ್ 7ರಂದು, ತಮ್ಮ 90ನೇ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು. ಲೇಖಕಿ ಉಮಾ ರಾವ್ ಇವರ ಜೀವನವನ್ನು ಕುರಿತು 'ಬಿಸಿಲು ಕೋಲು' ಎಂಬ ಕನ್ನಡ ಪುಸ್ತಕ ರಚಿಸಿದ್ದಾರೆ.