ಸರ್ ಹಂಫ್ರಿ ಡೇವಿ

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪೆನ್‌ಜಾನ್ಸ್ ಎಂಬ ಕಡಲತೀರದ ಊರಿನಲ್ಲಿ 1778ನೆಯ ಇಸವಿ ಡಿಸೆಂಬರ್ 17ರಂದು ಹಂಫ್ರಿ ಡೇವಿಯು ಜನಿಸಿದನು. ಮರಗೆತ್ತನೆಯ ಕೆಲಸದವನಾದ ತಂದೆಯು 1794ರಲ್ಲಿ ಸಾಲವನ್ನುಳಿಸಿ ತೀರಿಕೊಂಡನು. ಹುಡುಗನು ವೈದ್ಯನೊಬ್ಬನ ಬಳಿ ಕೆಲಸ ಕಲಿಯಲು ಸೇರಿ, ರಸಾಯನಶಾಸ್ತ್ರವನ್ನು ತಾನಾಗಿಯೇ ಅಭ್ಯಾಸ ಮಾಡಿದನು. ಕಾಲೇಜಿನ ಮೆಟ್ಟಲನ್ನು ಹತ್ತದ ಈತನು 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಉಪನ್ಯಾಸಕನಾಗಿ ಬಂದಾಗ ವಯಸ್ಸು ಇಪ್ಪತ್ತೆರಡು.

ಅದರ ಹಿಂದಿನ ವರ್ಷವೇ ಇಟಲಿಯ ವೋಲ್ಟಾ ಮಹಾಶಯನು ವಿದ್ಯುತ್ತನ್ನು ಎಡೆಬಿಡದೆ ಹರಿಯಿಸುವ ಕೋಶಮಾಲೆಯನ್ನು ಲೋಕಕ್ಕೆ ತಿಳಿಸಿದ್ದನು. ಆ ವಿದ್ಯುತ್ತು ನೀರನ್ನೇ ಒಡೆಯುವುದಾದರೆ, ಅದುವರೆಗೆ ಯಾರಿಗೂ ಮಣಿಯದ ಪೊಟಾಷ್ ಕ್ಷಾರವನ್ನೇಕೆ ಒಡೆಯಬಾರದೆಂದು ಡೇವಿಯು ಯೋಚಿಸಿದನು. ಆದರೆ ಪೊಟಾಷಿನ ದ್ರಾವಣದಿಂದ ಜಲಜನಕ, ಆಮ್ಲಜನಕಗಳು ಮಾತ್ರ ಹೊರಬಂದವು. ಋಣಧ್ರುವದಲ್ಲಿ ಇಲೆಕ್ಟ್ರಾನುಗಳನ್ನು ಸ್ವೀಕರಿಸಲು ಪೊಟ್ಯಾಸಿಯಮಿಗಿಂತ ನೀರೇ ಬೇಗ ಮುಂದಾಗುತ್ತದೆ. ಪೊಟ್ಯಾಸಿಯಮಿನ ವಿದ್ಯುದ್ವಾರ ವಿಭವವು ಜಲಜನಕದ್ದಕ್ಕಿಂತ 2.93 ವೋಲ್ಟುಗಳಷ್ಟು ಕೆಳಗಿದೆ. ನಾವು ಅಡಿಗೆಯುಪ್ಪಿನ ದ್ರಾವಣವನ್ನು ವಿಶ್ಲೇಷಿಸುವಾಗ ಸೋಡಿಯಂ ಬಾರದೆ ಜಲಜನಕವು ಬರುವುದೂ ಇಂಥ ಕಾರಣದಿಂದಲೇ. ಡೇವಿಗೆ ಈ ಅಂಕಿಗಳು ತಿಳಿದಿರಲಿಲ್ಲ. ನೀರೇ ಅಡ್ಡಿಯೆಂಬುದು ಮಾತ್ರ ಹೊಳೆಯಿತು. 1807ರ ಅಕ್ಟೋಬರಿನಲ್ಲಿ, ಗಾಳಿಯ ತೇವವಷ್ಟೇ ತಾಗಿದ ಪೊಟಾಷಿನ ತುಂಡನ್ನು ಪ್ಲಾಟಿನಮ್ ಬಿಲ್ಲೆಯ ಮೇಲಿರಿಸಿ ವಿದ್ಯುತ್ತನ್ನು ಹರಿಯಿಸಿದನು. ಕ್ಷಾರವು ಕರಗಿತು, ಋಣಧ್ರುವದಲ್ಲಿ ಪಾದರಸದಂತೆ ಹೊಳೆಯುವ ಕಿರುಗುಂಡುಗಳು ಮೂಡಿ, ಕೆಲವು ಥಟ್ಟನೆ ಹೊತ್ತಿಕೊಂಡವು. ಡೇವಿಯು ಕೋಣೆಯ ತುಂಬ ಕುಣಿದಾಡಿದನಂತೆ! ಕೆಲವೇ ದಿನಗಳಲ್ಲಿ ಸೋಡಿಯಮ್ಮೂ ದೊರೆಯಿತು.

1812ರಲ್ಲಿ ಸರ್ ಪದವಿ, 1815ರಲ್ಲಿ ಗಣಿಗಾರರ ರಕ್ಷಣದೀಪ, 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷತೆ — ಇವುಗಳನ್ನು ಪಾಠಪುಸ್ತಕಗಳು ಹೇಳುತ್ತವೆ. ನಮಗೆ ಹೆಚ್ಚು ಹಿಡಿಸಿದುದು ಹಡಗುಗಳ ಸಂಗತಿ.

ಕಡಲಗಾಳಿಗೆ ಕಿಟಕಿಯ ಸರಳುಗಳು ತುಕ್ಕು ಹಿಡಿಯುವುದನ್ನು ಕಾಣುವ ಮುಂಬಯಿಯ ವಿದ್ಯಾರ್ಥಿಗಳಿಗೆ ಉಪ್ಪಿನ ಪ್ರತಾಪವನ್ನು ಬಣ್ಣಿಸಬೇಕಾಗಿಲ್ಲ. ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡನ್ನು ಸಮುದ್ರವು ಸವೆಯಿಸುತ್ತಿತ್ತು. ತಾಮ್ರಕ್ಕೆ ಸತುವನ್ನೋ ಕಬ್ಬಿಣವನ್ನೋ ತಾಗಿಸಿದರೆ, ವಿಭವ ಕಡಿಮೆಯಿರುವ ಆ ಲೋಹವು ತಾನು ಕರಗಿ ತಾಮ್ರವನ್ನುಳಿಸುವುದೆಂದು ಡೇವಿಯು 1824ರಲ್ಲಿ ತೋರಿಸಿದನು. ಬಟಾಣಿಕಾಳಿನಷ್ಟು ಸತುವು ನಲವತ್ತೈವತ್ತು ಚದರಂಗುಲ ತಾಮ್ರವನ್ನು ಕಾಯಿತು.

ಹಡಗುಗಳು ಕಡಲಿಗಿಳಿದವು. ತಾಮ್ರವು ಸವೆಯಲಿಲ್ಲ; ಆದರೆ ತಳವೆಲ್ಲ ಪಾಚಿ, ಚಿಪ್ಪುಜೀವಿಗಳಿಂದ ತುಂಬಿ ಹಡಗುಗಳ ವೇಗವು ಕುಗ್ಗಿತು. ಕರಗುವ ತಾಮ್ರವೇ ಆ ಜೀವಿಗಳಿಗೆ ವಿಷವಾಗಿದ್ದಿತು! 1825ರಲ್ಲಿ ನೌಕಾಖಾತೆಯು ಸಂಚಾರದ ಹಡಗುಗಳಿಂದ ರಕ್ಷಕ ತುಂಡುಗಳನ್ನು ತೆಗೆಯಿಸಿತು. ಪತ್ರಿಕೆಗಳು ಡೇವಿಯನ್ನು ಹಾಸ್ಯಮಾಡಿದವು. ಆತನ ಲೆಕ್ಕದಲ್ಲಿ ತಪ್ಪಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಸಮುದ್ರದಲ್ಲಿ ಉಪ್ಪುನೀರಲ್ಲದೆ ಜೀವವೂ ಇತ್ತು, ಅಷ್ಟೆ.

1826ರ ಕೊನೆಗೆ ಲಕವಾ ಹೊಡೆದು, ಮರುವರ್ಷ ಅಧ್ಯಕ್ಷಪದವಿಯನ್ನು ಬಿಟ್ಟ ಡೇವಿಯು 1829ರ ಮೇ 29ರಂದು ಜಿನೀವಾ ನಗರದಲ್ಲಿ ಕಾಲವಾದನು. ಇಂದಿನ ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುವುದುಂಟು. ಪಾಚಿ ಹತ್ತದಂತೆ ಬೇರೊಂದು ಬಣ್ಣವನ್ನೂ ಬಳಿಯುವರು.