ರುಡಾಲ್ಫ್ ಡೀಸೆಲ್: ಶಾಖದ ಸಾಧಕ

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಪೋತ್ನಾಳದಲ್ಲಿ ಸುಗ್ಗಿಯ ದಿನಗಳು ಬಂತೆಂದರೆ ಭತ್ತದ ಲಾರಿಗಳದೇ ಸದ್ದು. ಡೀಸೆಲ್ ಎಂಬ ಮಾತು ಆಗ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. ಅದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತೆಂಬುದನ್ನು ಬಲ್ಲವರು ವಿರಳ.

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜರ್ಮನ್ ದಂಪತಿಗಳ ಮಗನಾಗಿ ಜನಿಸಿದನು. ತಂದೆಯದು ಚರ್ಮದ ಸಾಮಾನು ತಯಾರಿಸುವ ಕಸಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿಕೊಂಡಾಗ ಕುಟುಂಬವು ಊರು ಬಿಟ್ಟು ಲಂಡನ್ ಸೇರಬೇಕಾಯಿತು. ಹನ್ನೆರಡರ ಬಾಲಕನನ್ನು ಆಗ್ಸ್‌ಬರ್ಗಿನಲ್ಲಿ ಗಣಿತ ಶಿಕ್ಷಕರಾಗಿದ್ದ ಬಂಧುವಿನ ಮನೆಗೆ ಓದಲು ಕಳುಹಿಸಿದರು. ಬಂಧುಗಳ ಮನೆಯ ಅನ್ನ, ವಿದ್ಯಾರ್ಥಿವೇತನದ ಓದು. ಪ್ರಸಾದ ನಿಲಯಗಳಲ್ಲಿದ್ದು ಕಲಿತವರಿಗೆ ಈ ಕಥೆ ಹೊಸದಲ್ಲ.

ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ಅವನಿಗೆ ಕಾರ್ಲ್ ಫಾನ್ ಲಿಂಡೆಯಂತಹ ಗುರು ದೊರೆತರು. ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲನ್ನಷ್ಟೇ ಕೆಲಸಕ್ಕೆ ತಂದು ಉಳಿದುದನ್ನು ಪೋಲುಮಾಡುತ್ತದೆಂಬ ಸಂಗತಿ ತರುಣನ ಮನಸ್ಸಿಗೆ ನಾಟಿತು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಗಾಳಿಯನ್ನು ಇನ್ನೂ ಬಿಗಿಯಾಗಿ ಅದುಮಿದರೆ, ಅದರ ಶಾಖಕ್ಕೇ ಎಣ್ಣೆಯು ಕಿಡಿಯಿಲ್ಲದೆ ಹೊತ್ತಿಕೊಳ್ಳಬೇಕೆಂದು ಅವನು ತರ್ಕಿಸಿದನು. 1893ರಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆದಾಗ ಮಾಪಕವೇ ಸಿಡಿದುಹೋಯಿತು. ನಾಲ್ಕು ವರ್ಷಗಳ ವೈಫಲ್ಯಗಳ ಬಳಿಕ, 1897ರಲ್ಲಿ, ಅವನ ಯಂತ್ರವು ಇಂಧನದ ಶಾಖದಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿ ತೋರಿಸಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂತಹದೊಂದು ಯಂತ್ರವನ್ನು ಶೇಂಗಾ ಎಣ್ಣೆಯಿಂದ ಓಡಿಸಲಾಯಿತು. ಶೇಂಗಾ ಬೆಳೆಯುವ ನಮ್ಮ ಸೀಮೆಯವರು ನೆನಪಿಡತಕ್ಕ ಸಂಗತಿಯಿದು.

ಕೀರ್ತಿ ಬಂದರೂ ನೆಮ್ಮದಿ ಬರಲಿಲ್ಲ. ಪೇಟೆಂಟಿನ ವ್ಯಾಜ್ಯಗಳು, ಕೈಕೊಟ್ಟ ಹೂಡಿಕೆಗಳು, ಕೆಟ್ಟ ಆರೋಗ್ಯ ಅವನನ್ನು ಹಣ್ಣುಮಾಡಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವನು ಕಾಣೆಯಾದನು. ದಿನಗಳು ಕಳೆದ ಮೇಲೆ ಸಮುದ್ರದಲ್ಲಿ ಶವ ಸಿಕ್ಕಿತು. ಸಾವಿನ ಕಾರಣ ಇಂದಿಗೂ ಬಗೆಹರಿದಿಲ್ಲ.

ಅವನ ಯಂತ್ರದ ಬಲ ಯಾವುದೋ ಅದೇ ಅದರ ದೋಷದ ಬೇರೂ ಆಯಿತು. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಎಂಬವನು, ಹೊರಬೀಳುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದನು. ಲಾರಿಯವರು ಟರ್ಬೊ ಎನ್ನುವುದು ಇದನ್ನೇ. ಗಾಳಿ ಹೆಚ್ಚಿದಂತೆ ಶಕ್ತಿ ಹೆಚ್ಚಿತು, ಮಸಿ ತಗ್ಗಿತು. ಆದರೆ ಉರಿಯ ಕಾವು ಏರಿದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಶ್ವಾಸಕೋಶಕ್ಕೆ ಹಾನಿಕರವಾದ ಅನಿಲಗಳಾಗುತ್ತವೆ. ಹೊಗೆಯ ಒಂದಂಶವನ್ನು ಎಂಜಿನ್ನಿಗೇ ಮರಳಿಸಿ ಕಾವು ತಗ್ಗಿಸಿದರೋ, ಮಸಿ ಮತ್ತೆ ತಲೆಯೆತ್ತುತ್ತದೆ! ಒಂದನ್ನು ಅದುಮಿದರೆ ಇನ್ನೊಂದು ಏಳುವ ಈ ಜಗ್ಗಾಟದಲ್ಲಿ ಎಂಜಿನಿಯರುಗಳು ದಶಕಗಳನ್ನೇ ಕಳೆದರು. ಕೊನೆಗೆ ಮಸಿಗೊಂದು ಸೋಸುಕ, ಅನಿಲಕ್ಕೊಂದು ರಾಸಾಯನಿಕ ಚಿಕಿತ್ಸೆ ಎಂದು ಹೊಗೆಯ ಕೊಳವೆಯಲ್ಲೇ ಏರ್ಪಾಡಾಯಿತು.

2020ರ ಏಪ್ರಿಲ್ 1ರಿಂದ ಭಾರತ್ ಹಂತ 6ರ ನಿಯಮ ದೇಶಾದ್ಯಂತ ಜಾರಿಗೆ ಬಂದ ಮೇಲೆ, ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕೊಂದು ಕಾಣಿಸತೊಡಗಿತು. ಅದರಲ್ಲಿರುವುದು ಶುದ್ಧೀಕರಿಸಿದ ನೀರಿನಲ್ಲಿ ಶೇಕಡ 32.5ರಷ್ಟು ಬೆರೆಸಿದ ಶುದ್ಧ ಯೂರಿಯಾ. ಗದ್ದೆಗೆರಚುವ ಯೂರಿಯಾವನ್ನೇ ಕರಗಿಸಿ ಸುರಿದರೆ ಅದರ ಕಲ್ಮಶಗಳಿಂದ ಯಂತ್ರ ಕೆಡುತ್ತದೆ.